ಕರ್ಣನಾದದ ಚರಿತ್ರೆ: ರೂಸೋವಿನ ಆತ್ಮಕಥೆಯ ಒಂದು ಸಾಕ್ಷ್ಯ

೧

ಹೊರಗೆ ಯಾವ ಸದ್ದೂ ಇಲ್ಲದಿರುವಾಗ ಕಿವಿಯೊಳಗೆ ತಾನಾಗಿ ಕೇಳಿಬರುವ ನಾದಕ್ಕೆ ನಮ್ಮ ವೈದ್ಯಶಾಸ್ತ್ರದಲ್ಲಿ ‘ಕರ್ಣನಾದ’ವೆಂದು ಹೆಸರು. ‘ಕಿವಿಯಲ್ಲಿ ಗುಂಯ್‌ಗುಡುತ್ತದೆ’ ಎಂದು ನಮ್ಮ ಜನರು ಆಡುವುದೂ ಇದನ್ನೇ. ಪಾಶ್ಚಾತ್ಯರು ಇದನ್ನು ‘ಟಿನ್ನಿಟಸ್’ ಎಂದು ಕರೆಯುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಗಂಟೆಯಂತೆ ಧ್ವನಿಗೈಯುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ ಶಬ್ದವಿದು. ಕ್ಷಣಮಾತ್ರ ಬಂದು ಹೋಗುವ ಇಂತಹ ನಾದವನ್ನು ಅನುಭವಿಸದವರು ವಿರಳ. ಆದರೆ ಒಂದು ದಿನ ಬಂದ ನಾದವು ಮರುದಿನವೂ ನಿಲ್ಲದೆ, ತಿಂಗಳು ಕಳೆದರೂ ಹೋಗದೆ, ಹಗಲಿರುಳೂ ಜತೆಯಲ್ಲಿಯೇ ಉಳಿದರೆ ಮನುಷ್ಯನ ಪಾಡೇನು? ಅವನು ಅದರೊಡನೆ ಹೇಗೆ ಬಾಳುತ್ತಾನೆ? ಈ ಪ್ರಶ್ನೆಗೆ ಚರಿತ್ರೆಯಲ್ಲಿ ದೊರೆಯುವ ಉತ್ತರಗಳನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಷಯಕ್ಕೆ ಆಧಾರಗಳು ಎರಡು ಬಗೆಯವು. ಮೊದಲನೆಯವು ವೈದ್ಯರ ಗ್ರಂಥಗಳು. ಎರಡನೆಯವು ಈ ನಾದವನ್ನು ಅನುಭವಿಸಿದವರು ತಾವೇ ಬರೆದಿಟ್ಟ ಪತ್ರಗಳು ಮತ್ತು ಆತ್ಮಕಥೆಗಳು. ವೈದ್ಯಗ್ರಂಥಗಳಲ್ಲಿ ನಾದದ ಕಾರಣವೂ ಚಿಕಿತ್ಸೆಯೂ ಹೇಳಲ್ಪಟ್ಟಿವೆ. ನಾದವು ಹೋಗದಿದ್ದಾಗ ಬದುಕುವ ಬಗೆಯನ್ನು ತಿಳಿಯಬೇಕಾದರೆ ಎರಡನೆಯ ಬಗೆಯ ಆಧಾರಗಳಿಗೇ ಮೊರೆಹೋಗಬೇಕಾಗುತ್ತದೆ. ಇವುಗಳಲ್ಲಿ ಅತ್ಯಂತ ವಿಸ್ತಾರವೂ ಅತ್ಯಂತ ಉಪಯುಕ್ತವೂ ಆದುದು ಝಾನ್ ಝಾಕ್ ರೂಸೋವಿನ ‘ಕನ್ಫೆಷನ್ಸ್’ ಎಂಬ ಆತ್ಮಕಥೆಯ ಆರನೆಯ ಭಾಗದಲ್ಲಿರುವ ವೃತ್ತಾಂತ. ಸಾಹಿತ್ಯವಿಮರ್ಶಕರು ಆ ಭಾಗವನ್ನು ರೂಸೋವಿನ ರೋಗಭೀತಿಗೆ ನಿದರ್ಶನವೆಂದು ತಳ್ಳಿಬಿಡುವ ರೂಢಿಯುಂಟು. ಆದರೆ ವೈದ್ಯಶಾಸ್ತ್ರವು ಎರಡು ಶತಮಾನಗಳ ಅನಂತರ ಕಂಡುಕೊಂಡ ಒಂದು ತತ್ತ್ವಕ್ಕೆ ಅದು ಪ್ರಬಲವಾದ ಸಾಕ್ಷ್ಯವಾಗಿದೆಯೆಂಬುದನ್ನು ಇಲ್ಲಿ ತೋರಿಸಲಾಗುವುದು.

೨

ಮೊದಲು ಪ್ರಾಚೀನರ ಅಭಿಪ್ರಾಯವನ್ನು ನೋಡೋಣ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ೨೦ನೆಯ ಅಧ್ಯಾಯವು ಕರ್ಣರೋಗಗಳ ಲಕ್ಷಣಗಳಿಗೂ ೨೧ನೆಯದು ಅವುಗಳ ಚಿಕಿತ್ಸೆಗೂ ಮೀಸಲಾಗಿವೆ. ಅಲ್ಲಿ ಎಣಿಸಿರುವ ೨೮ ಕರ್ಣರೋಗಗಳಲ್ಲಿ ಕರ್ಣಶೂಲವು ಮೊದಲನೆಯದು. ಪ್ರಣಾದವೆಂಬ ಹೆಸರಿನಿಂದ ಕರ್ಣನಾದವು ಎರಡನೆಯದು. ಶಬ್ದವನ್ನು ವಹಿಸುವ ಮಾರ್ಗಗಳಲ್ಲಿ ವಾಯುವು ದಾರಿತಪ್ಪಿ ಸೇರಿಕೊಂಡಾಗ ಮನುಷ್ಯನು ನಾನಾ ವಿಧದ ಶಬ್ದಗಳನ್ನು ಕೇಳುತ್ತಾನೆಂದೂ, ಅದೇ ವಾಯುವು ಕಫದೊಡನೆ ಕೂಡಿ ನೆಲೆಸಿದಾಗ ಚಿಕಿತ್ಸೆಯಿಲ್ಲದೆ ಉಪೇಕ್ಷಿಸಿದರೆ ಬಾಧಿರ್ಯವು, ಎಂದರೆ ಕಿವುಡು, ಉಂಟಾಗುತ್ತದೆಂದೂ ಸುಶ್ರುತನ ಮತ. ಮಾಧವಕರನು ತನ್ನ ನಿದಾನಗ್ರಂಥದಲ್ಲಿ ಈ ಶಬ್ದಗಳಿಗೆ ಭೇರಿ, ಮೃದಂಗ, ಶಂಖಗಳ ಹೋಲಿಕೆಯನ್ನು ಕೊಟ್ಟಿದ್ದಾನೆ. ಕೊಳಲಿನಂತಹ ಸಣ್ಣದನಿಯು ಕೇಳಿಬಂದರೆ ಅದು ಕರ್ಣಕ್ಷ್ವೇಡವೆಂಬ ಬೇರೊಂದು ರೋಗ. ದಪ್ಪದನಿಯ ನಾದವನ್ನೂ ಸಣ್ಣದನಿಯ ನಾದವನ್ನೂ ಹೀಗೆ ಪ್ರತ್ಯೇಕಿಸಿರುವುದು ಸೂಕ್ಷ್ಮವಾದ ಅವಲೋಕನದ ಫಲವೆಂಬುದರಲ್ಲಿ ಸಂದೇಹವಿಲ್ಲ. ನಾದಕ್ಕೂ ಕಿವುಡಿಗೂ ಸಂಬಂಧವುಂಟೆಂಬ ಗ್ರಹಿಕೆಯೂ ಸರಿಯಾದದ್ದೇ. ಆದರೆ ಈಗಿನ ತಿಳಿವಳಿಕೆಯಂತೆ ಬಹುಮಟ್ಟಿಗೆ ಕೇಳುವ ಶಕ್ತಿಯ ಕುಂದು ಮೊದಲು, ನಾದವು ಅದರ ಅನಂತರ.

ಸುಶ್ರುತನು ಕರ್ಣರೋಗಗಳಿಗೆ ಸಾಮಾನ್ಯವಾಗಿ ವಿಧಿಸಿರುವ ನಿಯಮಗಳಲ್ಲಿ ಘೃತಪಾನ, ರಸಾಯನಸೇವನೆ, ಶ್ರಮತ್ಯಾಗ, ಬ್ರಹ್ಮಚರ್ಯ, ಮಿತಭಾಷಣಗಳು ಬರುತ್ತವೆ. ಇವುಗಳಲ್ಲಿ ಔಷಧಕ್ಕಿಂತ ದಿನಚರಿಯ ಪಾಲೇ ಹೆಚ್ಚು ಎಂಬುದನ್ನು ವಾಚಕರು ಗಮನಿಸಬಹುದು.

ಇದೇ ಬಗೆಯ ನಾದಗಳ ಪಟ್ಟಿಯು ನಮ್ಮ ವಾಙ್ಮಯದಲ್ಲಿ ಮತ್ತೊಂದೆಡೆಯಲ್ಲಿಯೂ ದೊರೆಯುತ್ತದೆ. ೧೫ನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸಲ್ಪಟ್ಟಿರುವ ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯ ನಾಲ್ಕನೆಯ ಉಪದೇಶದಲ್ಲಿ ನಾದಾನುಸಂಧಾನದ ಪ್ರಕರಣವಿದೆ. ಕಿವಿಗಳನ್ನು ಮುಚ್ಚಿಕೊಂಡು ಕುಳಿತ ಅಭ್ಯಾಸಿಗೆ ಮೊದಲು ಸಮುದ್ರ, ಮೇಘ, ಭೇರಿಗಳ ಧ್ವನಿಯೂ, ಅನಂತರ ಮದ್ದಳೆ, ಶಂಖ, ಗಂಟೆಗಳ ಧ್ವನಿಯೂ, ಕೊನೆಯಲ್ಲಿ ಕಿಂಕಿಣಿ, ಕೊಳಲು, ವೀಣೆ, ಭ್ರಮರಗಳ ಧ್ವನಿಯೂ ಕೇಳಿಸುತ್ತವೆಂದು ಅಲ್ಲಿ ಹೇಳಿದೆ. ವೈದ್ಯನು ರೋಗಲಕ್ಷಣವಾಗಿ ಎಣಿಸಿದ ಭೇರಿಶಂಖಗಳನ್ನೇ ಯೋಗಿಯು ಮನೋಲಯಕ್ಕೆ ಸೋಪಾನವಾಗಿ ಎಣಿಸಿದ್ದಾನೆ. ಯೋಗಿಯ ನಾದವೂ ರೋಗಿಯ ನಾದವೂ ಒಂದೇ ಎಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಯೋಗಿಯು ಬಯಸಿ ಕುಳಿತು ಕೇಳುತ್ತಾನೆ, ರೋಗಿಯ ನಾದವಾದರೋ ಬೇಡವೆಂದರೂ ಬರುತ್ತದೆ. ಇಷ್ಟನ್ನು ಮಾತ್ರ ಇಲ್ಲಿ ಹೇಳತಕ್ಕದ್ದು: ಒಂದೇ ಬಗೆಯ ಧ್ವನಿಯು ಒಬ್ಬನಿಗೆ ಭಯವನ್ನೂ ಮತ್ತೊಬ್ಬನಿಗೆ ಶಾಂತಿಯನ್ನೂ ಉಂಟುಮಾಡಬಲ್ಲದೆಂದ ಮೇಲೆ, ಭಯವು ಧ್ವನಿಯಲ್ಲಿಯೇ ಅಡಗಿದ ಗುಣವಲ್ಲ. ಈ ಮಾತನ್ನು ಮುಂದೆ ಮರಳಿ ಸ್ಮರಿಸಬೇಕಾಗುವುದು.

ಗ್ರೀಕ್ ಮತ್ತು ರೋಮನ್ ಗ್ರಂಥಗಳಲ್ಲಿಯೂ ಈ ವಿಷಯದ ಉಲ್ಲೇಖವುಂಟು. ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ‘ಪ್ರಾಬ್ಲೆಮಾಟ’ ಎಂಬ ಪ್ರಶ್ನಸಂಗ್ರಹದಲ್ಲಿ, ಹೊರಗೆ ಸದ್ದುಮಾಡಿದಾಗ ಕಿವಿಯೊಳಗಿನ ಗುಂಜನವು ಏಕೆ ನಿಲ್ಲುತ್ತದೆಂದು ಕೇಳಿ, ಹಿರಿದಾದ ಶಬ್ದವು ಕಿರಿದಾದುದನ್ನು ಓಡಿಸುವುದರಿಂದಲೋ ಎಂದು ಸಮಾಧಾನವನ್ನು ಸೂಚಿಸಲಾಗಿದೆ. ರೋಮಿನ ಪ್ಲಿನಿಯು, ದೂರದಲ್ಲಿರುವವರು ತಮ್ಮ ಮಾತನ್ನಾಡುತ್ತಿರುವುದು ಕಿವಿಯ ಮೊರೆತದಿಂದ ತಿಳಿಯುತ್ತದೆಂಬ ಜನರ ನಂಬಿಕೆಯನ್ನು ದಾಖಲಿಸಿದ್ದಾನೆ. ಪ್ರಾಬ್ಲೆಮಾಟದ ಪ್ರಶ್ನೆಯು ಎರಡು ಸಹಸ್ರ ವರ್ಷಗಳಿಗೂ ಮಿಕ್ಕು ಹಾಗೆಯೇ ನಿಂತಿದ್ದು, ಪ್ಯಾರಿಸ್ಸಿನ ಒಬ್ಬ ವೈದ್ಯನ ಕೈಯಲ್ಲಿ ಚಿಕಿತ್ಸೆಯ ರೂಪವನ್ನು ತಾಳಿತು. ಅದಕ್ಕೆ ಮೊದಲು ರೂಸೋವಿನ ವೃತ್ತಾಂತವನ್ನು ನಿರೂಪಿಸಬೇಕಾಗಿದೆ.

೩

ರೂಸೋ ಜಿನೀವ ನಗರದಲ್ಲಿ ೧೭೧೨ರಲ್ಲಿ ಹುಟ್ಟಿದನು. ಪ್ರಕೃತ ಪ್ರಸಂಗವು ನಡೆದುದು ಸುಮಾರು ೧೭೩೬-೩೭ರಲ್ಲಿ. ಆಗ ಅವನಿಗೆ ವಯಸ್ಸು ಇಪ್ಪತ್ತೈದರ ಒಳಹೊರಗೆ. ಸವಾಯ್ ಪ್ರಾಂತದ ಶಾಂಬೆರಿ ಪಟ್ಟಣದ ಹೊರಗೆ, ಲೇ ಶಾರ್ಮೆತ್ ಎಂಬಲ್ಲಿ, ತನ್ನ ಪೋಷಕಳಾದ ಮದಾಂ ದ ವಾರೆನ್ಸಳ ಆಶ್ರಯದಲ್ಲಿ ಅವನು ವಾಸವಾಗಿದ್ದನು. ಅವನ ದೇಹಸ್ಥಿತಿಯು ಅದಕ್ಕೆ ಮೊದಲೇ ಕ್ಷೀಣಿಸಿದ್ದಿತು. ಒಂದು ಬೆಳಿಗ್ಗೆ ಚಿಕ್ಕ ಮೇಜೊಂದನ್ನು ಅದರ ಕಾಲಿನ ಮೇಲೆ ನಿಲ್ಲಿಸುತ್ತಿದ್ದಾಗ ಹಠಾತ್ತಾಗಿ ಮೈಯಲ್ಲೆಲ್ಲ ರಕ್ತವು ಬಿರುಗಾಳಿಯಂತೆ ಎದ್ದಿತೆಂದೂ, ನಾಡಿಗಳು ಅತಿವೇಗದಿಂದ ಬಡಿಯತೊಡಗಿದುವೆಂದೂ ಅವನು ಬರೆದಿದ್ದಾನೆ. ಅದರೊಡನೆಯೇ ಕಿವಿಗಳಲ್ಲಿ ಮಹಾನಾದವು ಆರಂಭವಾಯಿತು.

ಆ ನಾದವನ್ನು ರೂಸೋ ವರ್ಣಿಸಿರುವ ರೀತಿಯು ಗಮನಾರ್ಹವಾದುದು. ಅದು ಒಂದೇ ನಾದವಲ್ಲ. ಮೂರು, ಅಲ್ಲ, ನಾಲ್ಕು ನಾದಗಳು ಕೂಡಿದ್ದು ಎಂದು ಅವನು ವಿಂಗಡಿಸುತ್ತಾನೆ: ಗಂಭೀರವಾದ ಮೊರೆತ ಒಂದು, ಹರಿಯುವ ನೀರಿನಂತೆ ಅದಕ್ಕಿಂತ ಸ್ಪಷ್ಟವಾದ ಕಲಕಲ ಒಂದು, ತೀಕ್ಷ್ಣವಾದ ಸಿಳ್ಳು ಒಂದು, ಇವುಗಳೊಡನೆ ನಾಡಿಯ ಬಡಿತ. ಮಾಧವಕರನ ಭೇರಿಶಂಖಗಳನ್ನೂ ಕೊಳಲಿನ ದನಿಯನ್ನೂ ಬಲ್ಲವರಿಗೆ ಈ ವಿಂಗಡಣೆಯು ಅಪರಿಚಿತವೆನಿಸದು. ಅಂದಿನಿಂದ ಅವನ ಕಿವಿಯ ಚುರುಕು ಕುಂದಿತು. ಪೂರ್ತಿ ಕಿವುಡಾಗದಿದ್ದರೂ ಶ್ರವಣವು ಮಂದವಾಯಿತು. ಗಾಢನಿದ್ರೆಯ ಅಭ್ಯಾಸವುಳ್ಳವನಿಗೆ ನಿದ್ರೆಯೇ ಹಾರಿಹೋಯಿತು. ತಾನು ಸತ್ತೇಹೋಗುವೆನೆಂದು ಅವನು ನಿಶ್ಚಯಿಸಿಕೊಂಡು ಹಾಸಿಗೆ ಹಿಡಿದನು. ವೈದ್ಯನು ಬಂದು ಕೊಟ್ಟ ಔಷಧಗಳು ಅಸಹ್ಯವಾಗಿದ್ದುವೇ ಹೊರತು ಗುಣವನ್ನು ಕೊಡಲಿಲ್ಲ.

ಈ ಕೆಲವು ವಾರಗಳ ಸ್ಥಿತಿಯು ಹೊಸದಾಗಿ ಕರ್ಣನಾದಕ್ಕೆ ಗುರಿಯಾದ ಅನೇಕರ ಅನುಭವಕ್ಕೆ ಮಾದರಿಯಾಗಿದೆ. ಹಠಾತ್ತಾದ ಆರಂಭ, ಮಹಾರೋಗದ ಅಥವಾ ಮರಣದ ಶಂಕೆ, ನಿದ್ರಾನಾಶ, ಔಷಧಗಳ ವೈಫಲ್ಯ, ಮತ್ತು ಸದಾ ಒಳಗೇ ಕಿವಿಗೊಟ್ಟಿರುವುದು — ಇವು ಒಂದನ್ನೊಂದು ಪೋಷಿಸುತ್ತವೆ.

ಅನಂತರ ನಡೆದುದೇನು? ಗುಣವೂ ಆಗಲಿಲ್ಲ, ರೋಗವು ಹೆಚ್ಚಲೂ ಇಲ್ಲವೆಂಬುದನ್ನು ಕೆಲವು ವಾರಗಳ ಮೇಲೆ ಕಂಡುಕೊಂಡು ರೂಸೋ ಹಾಸಿಗೆಯನ್ನು ಬಿಟ್ಟೆದ್ದನು. ನಾಡಿಯ ಬಡಿತವನ್ನೂ ಕಿವಿಯ ಮೊರೆತವನ್ನೂ ಜತೆಯಲ್ಲಿಟ್ಟುಕೊಂಡೇ ಹಿಂದಿನ ಜೀವನಕ್ರಮಕ್ಕೆ ಮರಳಿದನು. ಅಂದಿನಿಂದ ಮೂವತ್ತು ವರ್ಷಗಳ ಕಾಲ ಅವು ತನ್ನನ್ನು ಒಂದು ನಿಮಿಷವೂ ಬಿಟ್ಟಿಲ್ಲವೆಂದು ಅವನು ಹೇಳುತ್ತಾನೆ. ಅವನು ಇದನ್ನು ಬರೆದುದು ೧೭೬೬ರ ಸುಮಾರಿನಲ್ಲಿ. ಆದುದರಿಂದ ಈ ಲೆಕ್ಕವು ಸರಿಹೊಂದುತ್ತದೆ.

ಇನ್ನೂ ಆಶ್ಚರ್ಯಕರವಾದ ಮಾತು ಇದರ ಮುಂದೆಯೇ ಬರುತ್ತದೆ. ತನ್ನ ದೇಹವನ್ನು ಕೊಲ್ಲಬೇಕಾಗಿದ್ದ ಆ ಆಘಾತವು ತನ್ನ ಉದ್ವೇಗಗಳನ್ನು ಮಾತ್ರ ಕೊಂದಿತೆಂದೂ, ತನ್ನನ್ನು ಸತ್ತವನೆಂದು ಎಣಿಸಿಕೊಂಡ ಮೇಲೆಯೇ ತಾನು ನಿಜವಾಗಿ ಬದುಕಲಾರಂಭಿಸಿದೆನೆಂದೂ ಅವನ ಅಭಿಪ್ರಾಯ. ಉಳಿದ ಅಲ್ಪಕಾಲವನ್ನು ಸಾರ್ಥಕಪಡಿಸಿಕೊಳ್ಳಬೇಕೆಂದು ಅವನು ಅಧ್ಯಯನಕ್ಕೆ ಕುಳಿತನು. ಪೋರ್ ರೊಯಾಲಿನ ತರ್ಕಶಾಸ್ತ್ರ, ಲಾಕ್, ಮಾಲ್‌ಬ್ರಾಂಷ್, ಲೈಬ್ನಿಟ್ಸ್, ದೆಕಾರ್ತ್ ಮೊದಲಾದವರ ಗ್ರಂಥಗಳು, ರೇಖಾಗಣಿತ, ಲ್ಯಾಟಿನ್ ಭಾಷೆ, ಇವು ಅವನ ದಿನಚರಿಯಲ್ಲಿ ಸೇರಿದುವು. ಒಂದೇ ವಿಷಯದಲ್ಲಿ ಬಹುಕಾಲ ಮನಸ್ಸನ್ನು ನಿಲ್ಲಿಸಲಾರದೆ ಆಯಾಸಪಡುತ್ತಿದ್ದುದರಿಂದ, ಒಂದನ್ನು ಬಿಟ್ಟು ಮತ್ತೊಂದನ್ನು ಹಿಡಿಯುವ ಕ್ರಮವನ್ನು ಅವನು ಕಂಡುಕೊಂಡನು. ನಡುನಡುವೆ ತೋಟದ ಕೆಲಸ, ಪಾರಿವಾಳಗಳು, ಜೇನುಹುಳುಗಳು. ‘ಎಮೀಲ್’ ಮತ್ತು ‘ಸಾಮಾಜಿಕ ಒಡಂಬಡಿಕೆ’ಗಳನ್ನು ೧೭೬೨ರಲ್ಲಿ ಪ್ರಕಟಿಸಿದ ಗ್ರಂಥಕರ್ತನ ವಿದ್ಯೆಗೆ ತಳಹದಿಯು ಬಿದ್ದದ್ದು ಈ ಕಾಲದಲ್ಲಿ.

ಈ ವೃತ್ತಾಂತವನ್ನು ಕೇವಲ ಆತ್ಮಶ್ಲಾಘನೆಯೆಂದು ತಳ್ಳಿಬಿಡುವಂತಿಲ್ಲ. ಏಕೆಂದರೆ ಮಾರ್ಗವು ನೇರವಾಗಿರಲಿಲ್ಲವೆಂಬುದನ್ನೂ ರೂಸೋ ತಾನೇ ಹೇಳಿದ್ದಾನೆ. ಶರೀರಶಾಸ್ತ್ರದ ಪುಸ್ತಕಗಳನ್ನು ಓದತೊಡಗಿದ ಮೇಲೆ, ಓದಿದ ರೋಗಗಳೆಲ್ಲವೂ ತನಗೆ ಇವೆಯೆಂಬ ಶಂಕೆಯು ಅವನನ್ನು ಹಿಡಿಯಿತು. ಹೃದಯದಲ್ಲಿ ಗಂಟೊಂದು ಬೆಳೆದಿದೆಯೆಂದು ನಿಶ್ಚಯಿಸಿ, ಅದಕ್ಕೆ ಚಿಕಿತ್ಸೆಯನ್ನು ಅರಸಿ ೧೭೩೭ರಲ್ಲಿ ಮೊಂಪೆಲ್ಯೆ ನಗರಕ್ಕೆ ಹೊರಟನು. ದಾರಿಯಲ್ಲಿ ಮದಾಂ ದ ಲಾರ್ನಾಜ್ ಎಂಬಾಕೆಯ ಸ್ನೇಹವಾಯಿತು. ಆಕೆಯ ಸಹವಾಸದಲ್ಲಿ ಜ್ವರವೂ ಗಂಟೂ ಎಲ್ಲವೂ ಎಲ್ಲಿಯೋ ಮಾಯವಾದುವೆಂದು ಅವನು ನಗುತ್ತಲೇ ಬರೆಯುತ್ತಾನೆ. ಓದಿನಿಂದ ಹೆಚ್ಚಿದ ರೋಗವು ಮಾತಿನಿಂದ ಇಳಿಯಿತು. ಗಮನವು ಒಳಕ್ಕೆ ತಿರುಗಿದಾಗ ಬಾಧೆಯು ಬೆಳೆದು, ಹೊರಕ್ಕೆ ತಿರುಗಿದಾಗ ಕುಗ್ಗಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಇಲ್ಲಿ ಪಾಠವಿಮರ್ಶಕರು ವಿಚಾರಮಾಡತಕ್ಕ ಒಂದು ಸಂಗತಿಯುಂಟು. ನಾದವು ಒಂದು ನಿಮಿಷವೂ ಬಿಡಲಿಲ್ಲವೆಂದು ಆರನೆಯ ಭಾಗದಲ್ಲಿ ಹೇಳಿದ ಗ್ರಂಥಕರ್ತನು ಮುಂದಿನ ಆರು ಭಾಗಗಳಲ್ಲಿ ಅದರ ಪ್ರಸ್ತಾಪವನ್ನೆತ್ತುವುದೇ ಅಪರೂಪ. ಅವನನ್ನು ಕಾಡಿದ ಮೂತ್ರರೋಗವಾದರೋ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ನಾದವು ಸುಳ್ಳಾಗಿದ್ದರಿಂದ ಹೀಗಾಯಿತೆಂದು ಊಹಿಸಬೇಕಾಗಿಲ್ಲ. ಅದು ಇದ್ದೂ ಬಾಧೆಯಾಗದೆ ಹೋಯಿತು. ಕೇಳಿಸಿದರೂ ಕೇಳಬೇಕಾದ ವಿಷಯವಾಗಿ ಉಳಿಯಲಿಲ್ಲ. ಈ ನಾದವನ್ನು ಹೊತ್ತ ಕಿವಿಗಳಿಂದಲೇ ಅವನು ಸಂಗೀತವನ್ನು ರಚಿಸಿದನು. ಅವನ ಗೀತನಾಟಕವಾದ ‘ಹಳ್ಳಿಯ ಕಣಿಗಾರ’ನು ೧೭೫೨ರಲ್ಲಿ ಫೊಂಟೆನ್‌ಬ್ಲೋ ಅರಮನೆಯಲ್ಲಿ ಹದಿನೈದನೆಯ ಲೂಯಿಯ ಮುಂದೆ ಪ್ರದರ್ಶಿತವಾಯಿತು. ಸಂಗೀತದ ಪ್ರತಿಗಳನ್ನು ಬರೆದುಕೊಡುವುದೇ ಅವನಿಗೆ ಬಹುಕಾಲ ಜೀವನೋಪಾಯವಾಗಿದ್ದಿತು. ‘ಸಂಗೀತನಿಘಂಟು’ ಅವನ ದೊಡ್ಡ ಗ್ರಂಥಗಳಲ್ಲೊಂದು.

೪

ಎಲ್ಲರಿಗೂ ಈ ಮಾರ್ಗವು ಸುಲಭವಾಗಿ ದೊರೆಯಿತೆಂದು ಹೇಳಿದರೆ ಚರಿತ್ರೆಗೆ ಅಪಚಾರವಾದೀತು. ಸಂಗೀತವೇ ಜೀವನವಾಗಿದ್ದ ಇನ್ನಿಬ್ಬರ ಬರಹಗಳನ್ನು ರೂಸೋವಿನದರೊಡನೆ ಹೋಲಿಸಿ ನೋಡುವುದು ಯುಕ್ತ.

ಬೀಟೋವನ್ ೧೮೦೧ರ ಜೂನ್ ೨೯ರಂದು ವಿಯೆನ್ನಾದಿಂದ ತನ್ನ ಬಾಲ್ಯಸ್ನೇಹಿತನೂ ವೈದ್ಯನೂ ಆದ ವೇಗೆಲರನಿಗೆ ಒಂದು ಪತ್ರವನ್ನು ಬರೆದನು. ಮೂರು ವರ್ಷಗಳಿಂದ ಶ್ರವಣವು ಕುಂದುತ್ತಿದೆಯೆಂದೂ, ಕಿವಿಗಳು ಹಗಲಿರುಳು ಸಿಳ್ಳಿಡುತ್ತ ಮೊರೆಯುತ್ತಿವೆಯೆಂದೂ ಅದರಲ್ಲಿ ತಿಳಿಸಿದ್ದಾನೆ. ಬಾದಾಮಿಯೆಣ್ಣೆ, ತಣ್ಣೀರಿನ ಸ್ನಾನ, ಡ್ಯಾನ್ಯೂಬ್ ನದಿಯ ಉಗುರುಬೆಚ್ಚಗಿನ ನೀರಿನ ಸ್ನಾನ, ಹೀಗೆ ಚಿಕಿತ್ಸೆಗಳು ಒಂದರ ಮೇಲೊಂದು ನಡೆದುವು. ತನ್ನ ಕಿವಿಯ ದೋಷವನ್ನು ಜನರಿಗೆ ಹೇಳಲಾರದೆ ಎರಡು ವರ್ಷಗಳಿಂದ ಸಮಾಜದಿಂದ ದೂರವಾಗಿರುವೆನೆಂಬುದು ಆ ಪತ್ರದ ಅತ್ಯಂತ ಕರುಣಾಜನಕವಾದ ಭಾಗ. ಅದೇ ವರ್ಷದ ನವೆಂಬರ್ ೧೬ರ ಪತ್ರದಲ್ಲಿ ಸ್ವರವು ಬದಲಾಗಿದೆ: ಮೊರೆತವು, ಮುಖ್ಯವಾಗಿ ಎಡಗಿವಿಯಲ್ಲಿ, ಸ್ವಲ್ಪ ಇಳಿದಿದೆ, ಶ್ರವಣವು ಉತ್ತಮವಾಗಿಲ್ಲ, ಆದರೂ ಜನರೊಡನೆ ಬೆರೆಯತೊಡಗಿ ಬಾಳು ಹಿಂದಿಗಿಂತ ಹಿತವಾಗಿದೆ. ಈ ಬದಲಾವಣೆಗೆ ಪ್ರಿಯಳಾದ ಒಬ್ಬ ಹುಡುಗಿಯು ಕಾರಣಳೆಂದು ಅವನೇ ಹೇಳುತ್ತಾನೆ. ಈ ಹಿತವು ಸ್ಥಿರವಾಗಲಿಲ್ಲ. ೧೮೦೨ರ ಅಕ್ಟೋಬರಿನಲ್ಲಿ ಹೈಲಿಗೆನ್‌ಷ್ಟಾಟ್ ಗ್ರಾಮದಲ್ಲಿ ಸೋದರರಿಗಾಗಿ ಬರೆದಿಟ್ಟ ಉಯಿಲಿನಲ್ಲಿ, ಪ್ರಾಣತ್ಯಾಗದ ಅಂಚಿಗೆ ತಾನು ಹೋಗಿದ್ದೆನೆಂದೂ ಕಲೆಯೊಂದೇ ತನ್ನನ್ನು ತಡೆಯಿತೆಂದೂ ಅವನು ಒಪ್ಪಿಕೊಂಡಿದ್ದಾನೆ. ಆದರೆ ಆ ಪತ್ರವನ್ನು ಅವನು ಯಾರಿಗೂ ಕಳುಹಿಸಲಿಲ್ಲ; ಅದು ಕಂಡುಬಂದುದು ೧೮೨೭ರಲ್ಲಿ ಅವನು ಮರಣಹೊಂದಿದ ಮೇಲೆ. ಉಯಿಲಿನ ಅನಂತರ ಅವನು ಬದುಕಿದ ಇಪ್ಪತ್ತನಾಲ್ಕು ವರ್ಷಗಳಲ್ಲಿಯೇ ಅವನ ಮಹಾಕೃತಿಗಳಲ್ಲಿ ಬಹುಭಾಗವು ಹುಟ್ಟಿತು.

ಬೊಹೀಮಿಯದ ಬೆಡ್ರಿಕ್ ಸ್ಮೆಟಾನನ ವೃತ್ತಾಂತವು ಇನ್ನೂ ಕಠಿನವಾದುದು. ೧೮೭೪ರ ಬೇಸಗೆಯಲ್ಲಿ ಅವನ ಕಿವಿಗಳಲ್ಲಿ ವಿಕಾರವು ತೋರಿತು. ಅಕ್ಟೋಬರ್ ತಿಂಗಳಲ್ಲಿ ಅವನು ಪೂರ್ತಿ ಕಿವುಡನಾದನು. ಮೊರೆತವು ಮಾತ್ರ ಉಳಿಯಿತು. ಎಲ್ಲ ಸದ್ದುಗಳಿಂದಲೂ ದೂರವಿದ್ದು ಕಿವಿಗಳಿಗೆ ವಿಶ್ರಾಂತಿ ಕೊಡಬೇಕೆಂದು ವೈದ್ಯರು ವಿಧಿಸಿದರು, ಅದರಿಂದ ಪ್ರಯೋಜನವಾಗಲಿಲ್ಲ. ೧೮೭೫ರಲ್ಲಿ ವ್ಯುರ್ಟ್ಸ್‌ಬುರ್ಗ್ ಮತ್ತು ವಿಯೆನ್ನಾ ನಗರಗಳ ಪ್ರಸಿದ್ಧ ಕರ್ಣವೈದ್ಯರಲ್ಲಿಗೆ ಹೋಗಿ ಬಂದುದೂ ನಿಷ್ಫಲವಾಯಿತು. ೧೮೭೬ರಲ್ಲಿ ರಚಿಸಿದ ‘ನನ್ನ ಜೀವನದಿಂದ’ ಎಂಬ ತಂತಿವಾದ್ಯಗಳ ಚತುಷ್ಟಯದ ಕೊನೆಯ ಭಾಗದಲ್ಲಿ, ಉಲ್ಲಾಸಯುತವಾದ ನೃತ್ಯವು ಹಠಾತ್ತಾಗಿ ನಿಂತು, ಮೊದಲನೆಯ ಪಿಟೀಲು ಅತ್ಯುಚ್ಚವಾದ ಒಂದೇ ಸ್ವರವನ್ನು ದೀರ್ಘವಾಗಿ ಹಿಡಿಯುತ್ತದೆ. ತನ್ನ ಕಿವುಡಿಗೆ ಮುನ್ನ ಕಿವಿಯಲ್ಲಿ ಕೇಳಿಬಂದ ಸಿಳ್ಳೇ ಇದೆಂದು ಅವನು ಮಿತ್ರನೊಬ್ಬನಿಗೆ ವಿವರಿಸಿದ್ದಾನೆ. ಕರ್ಣನಾದವು ಹೀಗೆ ಸಂಗೀತದ ಲಿಪಿಯಲ್ಲಿಯೇ ದಾಖಲಾಯಿತು. ತಾನೊಬ್ಬನೇ ಕೇಳಬೇಕಾಗಿದ್ದುದನ್ನು ಸ್ಮೆಟಾನನು ಇತರರಿಗೂ ಕೇಳಿಸಿದನು. ಒಬ್ಬಂಟಿತನವು ಅಷ್ಟರಮಟ್ಟಿಗೆ ಕಡಿಮೆಯಾಯಿತು. ವಲ್ಟಾವಾ ನದಿಯನ್ನು ಕುರಿತ ಅವನ ಪ್ರಸಿದ್ಧ ಕೃತಿಯು ಕಿವುಡಾದ ಕೆಲವೇ ವಾರಗಳಲ್ಲಿ, ೧೮೭೪ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ, ರಚಿತವಾದುದು. ಅವನ ಅಂತ್ಯವು ದುಃಖಕರವಾದುದು. ಬುದ್ಧಿಯು ವಿಕಲವಾಗಿ ೧೮೮೪ರಲ್ಲಿ ಪ್ರಾಗ್ ನಗರದ ಮಾನಸಿಕ ಚಿಕಿತ್ಸಾಲಯದಲ್ಲಿ ಅವನು ಮಡಿದನು. ಆದುದರಿಂದ ದುಡಿಮೆಯೊಂದೇ ಎಲ್ಲವನ್ನೂ ಗೆಲ್ಲುತ್ತದೆಂಬ ಸುಲಭವಾದ ನೀತಿಯನ್ನು ಈ ಚರಿತ್ರೆಯಿಂದ ತೆಗೆಯಲಾಗದು.

೫

ಈ ನಡುವೆ ವೈದ್ಯಶಾಸ್ತ್ರದಲ್ಲಿ ನಡೆದುದನ್ನು ನೋಡೋಣ. ಪ್ಯಾರಿಸ್ಸಿನ ಕಿವುಡುಮೂಗರ ಸಂಸ್ಥೆಯ ವೈದ್ಯನಾಗಿದ್ದ ಇತಾರನು ೧೮೨೧ರಲ್ಲಿ ಕರ್ಣರೋಗಗಳನ್ನು ಕುರಿತು ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದನು. ಅವೆರೋನ್ ಅರಣ್ಯದಲ್ಲಿ ಸಿಕ್ಕಿದ ಕಾಡುಬಾಲಕನಿಗೆ ವಿದ್ಯೆ ಕಲಿಸಲು ಯತ್ನಿಸಿದವನೆಂದು ಶಿಕ್ಷಣಶಾಸ್ತ್ರದ ಚರಿತ್ರೆಯನ್ನು ಓದಿದವರಿಗೆ ಇವನು ಪರಿಚಿತನಾಗಿದ್ದಾನೆ. ಒಳಗೆ ನಿಜವಾಗಿ ಧ್ವನಿಮೂಲವಿರುವ ನಾದವನ್ನೂ ಅಂತಹ ಮೂಲವಿಲ್ಲದ ನಾದವನ್ನೂ ಇತಾರನು ಪ್ರತ್ಯೇಕಿಸಿದನು. ಎಷ್ಟೋ ವೇಳೆ ನಾದವನ್ನು ತೆಗೆದುಹಾಕಲು ಸಾಧ್ಯವಿಲ್ಲವೆಂದು ಒಪ್ಪಿ, ಅದನ್ನು ಸಹ್ಯವಾಗಿಸುವ ಉಪಾಯಗಳನ್ನು ಸೂಚಿಸಿದನು. ಮಂದ್ರವಾದ ಮೊರೆತಕ್ಕೆ ಒಲೆಯಲ್ಲಿ ಭೋರೆಂದು ಉರಿಯುವ ಬೆಂಕಿ. ಸುಯ್ಯೆನ್ನುವ ನಾದಕ್ಕೆ ಹಸಿ ಸೌದೆಯ ಉರಿ. ಗಂಟೆಯಂತಹ ನಾದಕ್ಕೆ, ತಳದಲ್ಲಿ ರಂಧ್ರವಿರುವ ತಾಮ್ರದ ಪಾತ್ರೆಯಿಂದ ಅಗಲವಾದ ತಾಮ್ರದ ಬೋಗುಣಿಗೆ ಸುರಿಯುವ ನೀರು. ನಾದಕ್ಕೆ ಸಮಾನವಾದ ಹೊರಗಿನ ಸದ್ದಿನಿಂದ ರಾತ್ರಿಯ ನಿಶ್ಶಬ್ದವನ್ನು ತುಂಬಿದರೆ ನಿದ್ರೆಯು ಬರುತ್ತದೆಂಬುದು ಅವನ ಅನುಭವ. ಪ್ರಾಬ್ಲೆಮಾಟದ ಹಳೆಯ ಪ್ರಶ್ನೆಯು ಇಲ್ಲಿ ಫಲಕೊಟ್ಟಿತು. ಇದಾದ ಅರ್ಧ ಶತಮಾನದ ಮೇಲೆಯೂ ಸ್ಮೆಟಾನನಿಗೆ ನಿಶ್ಶಬ್ದವನ್ನೇ ಔಷಧವಾಗಿ ವಿಧಿಸಿದುದನ್ನು ನೋಡಿದರೆ, ಇತಾರನ ಉಪದೇಶವು ಎಷ್ಟು ಬೇಗ ಮರೆತುಹೋಯಿತೆಂಬುದು ತಿಳಿಯುತ್ತದೆ.

ನಾದವನ್ನು ಹೇಗಾದರೂ ಅಡಗಿಸಲೇಬೇಕೆಂಬ ಹಟವು ಪ್ರಾಣಕ್ಕೆ ಮುಳುವಾದ ನಿದರ್ಶನವೂ ಉಂಟು. ಲಂಡನ್ನಿನ ಜೋಸೆಫ್ ಟಾಯ್ನ್‌ಬಿ ಆ ಕಾಲದ ಅಗ್ರಗಣ್ಯನಾದ ಕರ್ಣಶಸ್ತ್ರವೈದ್ಯ. ನಾಗರಿಕತೆಗಳ ಏಳುಬೀಳುಗಳನ್ನು ಕುರಿತು ಬರೆದ ಚರಿತ್ರಕಾರ ಆರ್ನಲ್ಡ್ ಟಾಯ್ನ್‌ಬಿಯ ತಾತ. ೧೮೬೬ರ ಜುಲೈ ತಿಂಗಳಲ್ಲಿ, ಕ್ಲೋರೋಫಾರಮ್ ಮತ್ತು ಪ್ರಸಿಕ್ ಆಮ್ಲಗಳ ಆವಿಯು ಕರ್ಣನಾದವನ್ನು ಶಮನಗೊಳಿಸುವುದೇ ಎಂದು ತನ್ನ ಮೇಲೆಯೇ ಪರೀಕ್ಷಿಸುತ್ತಿದ್ದಾಗ ಅವನು ಅಸುನೀಗಿದನು.

೬

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಶ್ನೆಯ ರೂಪವೇ ಬದಲಾಯಿತು. ೧೯೫೩ರಲ್ಲಿ ಹೆಲರ್ ಮತ್ತು ಬರ್ಗ್‌ಮನ್ ಎಂಬಿಬ್ಬರು ಅಮೆರಿಕದಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಶ್ರವಣದಲ್ಲಿ ಯಾವ ದೋಷವೂ ಇಲ್ಲದ ೮೦ ಮಂದಿಯನ್ನು ಒಬ್ಬೊಬ್ಬರನ್ನಾಗಿ ನಿಶ್ಶಬ್ದವಾದ ಕೊಠಡಿಯಲ್ಲಿ ಕುಳ್ಳಿರಿಸಿ, ಕೇಳಿಸಿದುದನ್ನು ಹೇಳಿರೆಂದಾಗ, ಶೇಕಡಾ ೯೪ ಮಂದಿಗೆ ಯಾವುದಾದರೊಂದು ನಾದವು ಕೇಳಿಸಿತು. ಎಂದ ಮೇಲೆ ನಾದವು ರೋಗಿಗಳ ಸೊತ್ತು ಮಾತ್ರವಲ್ಲ. ದಿನದ ಗದ್ದಲದಲ್ಲಿ ಮುಳುಗಿ, ಗಮನಕ್ಕೆ ಬಾರದೆ, ಬಹುಮಂದಿಯಲ್ಲಿ ಅದು ಇದ್ದೇ ಇರುತ್ತದೆ. ಭಾರೀ ಸದ್ದಿನ ಆಘಾತದಿಂದ ಒಳಗಿವಿಯ ಸೂಕ್ಷ್ಮವಾದ ರೋಮಕೋಶಗಳು ನಶಿಸಿದಾಗ, ಮಿದುಳಿಗೆ ಬರತಕ್ಕ ವರದಿಯು ಕಡಿಮೆಯಾಗುತ್ತದೆ; ಕೊರತೆಯನ್ನು ತುಂಬಲು ಮಿದುಳು ತನ್ನ ಗ್ರಹಣಶಕ್ತಿಯನ್ನು ಏರಿಸಿಕೊಂಡು, ತನ್ನೊಳಗಿನ ಸಂಚಲನವನ್ನೇ ಧ್ವನಿಯಾಗಿ ಗ್ರಹಿಸುತ್ತದೆ — ಇದು ಈಗ ಹೆಚ್ಚಾಗಿ ಅಂಗೀಕೃತವಾಗಿರುವ ವಿವರಣೆ.

೧೯೮೪ರಲ್ಲಿ ಇಂಗ್ಲೆಂಡಿನ ಹ್ಯಾಲಮ್ ಮತ್ತು ಅವನ ಸಂಗಡಿಗರು, ನಾದಕ್ಕೆ ಒಗ್ಗಿಹೋಗುವುದೇ ಮನಸ್ಸಿನ ಸಹಜವಾದ ಗತಿಯೆಂದೂ, ಒಗ್ಗದೆ ಉಳಿಯುವುದಕ್ಕೆ ಕಾರಣವೇನೆಂಬುದನ್ನೇ ವಿಚಾರಿಸಬೇಕೆಂದೂ ವಾದಿಸಿದರು. ೧೯೯೦ರಲ್ಲಿ ಯಾಸ್ಟ್ರೆಬಾಫನು ಇದಕ್ಕೆ ನರಶಾಸ್ತ್ರದ ಆಧಾರವನ್ನು ಒದಗಿಸಿದನು. ಇವರ ಸಿದ್ಧಾಂತದ ಸಾರವು ಇಷ್ಟು: ಹೊಸ ಧ್ವನಿಯನ್ನು ಮಿದುಳು ಮೊದಲು ಅಪಾಯದ ಸೂಚನೆಯೆಂದು ಭಾವಿಸುತ್ತದೆ, ಭಯವು ಗಮನವನ್ನೂ ಗಮನವು ಭಯವನ್ನೂ ಹೆಚ್ಚಿಸುತ್ತದೆ, ಅಪಾಯವಿಲ್ಲವೆಂಬುದು ಅನುಭವದಿಂದ ಮನದಟ್ಟಾದ ಮೇಲೆ, ಗಡಿಯಾರದ ಟಿಕ್‌ಟಿಕ್ ಶಬ್ದವು ಮನೆಯವರಿಗೆ ಕೇಳಿಸದೆ ಹೋಗುವಂತೆ, ನಾದವೂ ಹಿಂದಕ್ಕೆ ಸರಿಯುತ್ತದೆ. ಪೂರ್ಣ ನಿಶ್ಶಬ್ದವನ್ನು ತಪ್ಪಿಸಿ ಮೆಲ್ಲನೆಯ ಹೊರಸದ್ದನ್ನು ಇಟ್ಟುಕೊಳ್ಳುವುದು, ಕಿವುಡಿದ್ದರೆ ಶ್ರವಣಯಂತ್ರವನ್ನು ಧರಿಸುವುದು, ಭೀತಿಯ ಆಲೋಚನೆಗಳನ್ನು ಪರೀಕ್ಷಿಸಿ ತಿದ್ದಿಕೊಳ್ಳುವ ಮಾನಸಿಕ ಚಿಕಿತ್ಸೆಯನ್ನು ಪಡೆಯುವುದು, ಇವು ಈಗ ವೈದ್ಯರು ವಿಧಿಸುವ ಮಾರ್ಗಗಳು. ನಾದವನ್ನೇ ಅಳಿಸಿಹಾಕುವ ಔಷಧವು ಇಂದಿಗೂ ಇಲ್ಲ. ಆದರೆ ಆರಂಭದಲ್ಲಿ ವೈದ್ಯಪರೀಕ್ಷೆಯನ್ನು ಉಪೇಕ್ಷಿಸಲಾಗದು. ಒಂದೇ ಕಿವಿಯಲ್ಲಿ ತೋರುವ ನಾದ, ರೂಸೋವಿನಂತೆ ನಾಡಿಯ ಬಡಿತದೊಡನೆ ಕೂಡಿದ ನಾದ, ಇವು ಬೇರೆ ರೋಗಗಳ ಸೂಚನೆಗಳಾಗಬಹುದು. ಹಠಾತ್ತಾದ ಕಿವುಡಿನೊಡನೆ ಬಂದ ನಾದಕ್ಕೆ ಕೆಲವು ದಿನಗಳೊಳಗಾಗಿಯೇ ಚಿಕಿತ್ಸೆಯಾಗಬೇಕು. ಈ ದೃಷ್ಟಿಯಿಂದ ಸುಶ್ರುತನ ಎಚ್ಚರಿಕೆಯು ಇಂದಿಗೂ ಸಲ್ಲುತ್ತದೆ.

೨೦೨೨ರಲ್ಲಿ ಪ್ರಕಟವಾದ, ಅನೇಕ ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ ಒಂದು ಗಣನೆಯ ಪ್ರಕಾರ, ವಯಸ್ಕರಲ್ಲಿ ಶೇಕಡಾ ಸುಮಾರು ೧೪ ಮಂದಿಗೆ ಕರ್ಣನಾದದ ಅನುಭವವಿದೆ. ತೀವ್ರವಾದ ಬಾಧೆಯನ್ನು ಪಡುವವರು ಶೇಕಡಾ ಸುಮಾರು ೨ ಮಂದಿ. ಈ ಎರಡು ಸಂಖ್ಯೆಗಳ ನಡುವಣ ಅಂತರವೇ ನಮ್ಮ ಪ್ರಸ್ತುತ ವಿಷಯ. ಆ ಅಂತರದಲ್ಲಿರುವವರು ನಾದವನ್ನು ಗೆದ್ದವರಲ್ಲ. ಅದರೊಡನೆ ಬಾಳಲು ಕಲಿತವರು.

೭

ಮೇಲಿನ ವಿಚಾರದಿಂದ ಮೂರು ಸಂಗತಿಗಳು ನಿಷ್ಪನ್ನವಾಗುತ್ತವೆ. ಮೊದಲನೆಯದು, ನಾದವೇ ಬೇರೆ, ನಾದದ ಬಾಧೆಯೇ ಬೇರೆ. ವೈದ್ಯಗ್ರಂಥವನ್ನೂ ಯೋಗಗ್ರಂಥವನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಸೂಚಿತವಾದ ಈ ಭೇದವು ರೂಸೋವಿನ ವೃತ್ತಾಂತದಲ್ಲಿ ಸ್ಪಷ್ಟವಾಗಿ, ೧೯೮೪ರ ಅನಂತರದ ಸಿದ್ಧಾಂತಗಳಲ್ಲಿ ಸಿದ್ಧವಾಗಿದೆ. ಯೋಗಿಯ ಮಾರ್ಗವು ನಾದದಲ್ಲಿ ಮನಸ್ಸನ್ನು ನಿಲ್ಲಿಸುವುದು. ಆಧುನಿಕರದು ನಾದದಿಂದ ಮನಸ್ಸನ್ನು ಬಿಡಿಸುವುದು. ದಾರಿಗಳು ಬೇರೆಯಾದರೂ ಭಯವನ್ನು ತ್ಯಜಿಸದೆ ಎರಡರಲ್ಲಿಯೂ ಒಂದು ಹೆಜ್ಜೆಯನ್ನೂ ಇಡಲಾಗದು.

ಎರಡನೆಯದು, ಒಗ್ಗಿಕೊಳ್ಳುವುದೆಂದರೆ ಹಲ್ಲುಕಚ್ಚಿ ಸಹಿಸುವುದಲ್ಲ. ರೂಸೋ ನಾದದೊಡನೆ ಹೋರಾಡಲಿಲ್ಲ; ಅದು ಇರುವಾಗಲೇ ಹಾಸಿಗೆಯಿಂದ ಎದ್ದು ಕೆಲಸವನ್ನು ಹಿಡಿದನು. ಗುಣವಾದ ಮೇಲೆ ಬದುಕುವೆನೆಂದು ಕಾದಿದ್ದರೆ ಅವನು ಮೂವತ್ತು ವರ್ಷ ಕಾಯಬೇಕಾಗುತ್ತಿದ್ದಿತು. ಬೀಟೋವನನ ಎರಡು ಪತ್ರಗಳ ನಡುವಣ ವ್ಯತ್ಯಾಸವೂ ಇದನ್ನೇ ಹೇಳುತ್ತದೆ: ಅವನಿಗೆ ಅತ್ಯಂತ ಕೇಡನ್ನು ಮಾಡಿದುದು ಮೊರೆತಕ್ಕಿಂತ ಹೆಚ್ಚಾಗಿ ಅದನ್ನು ಮರೆಸಿಕೊಂಡು ಒಬ್ಬಂಟಿಯಾದುದು.

ಮೂರನೆಯದು ಸಾಹಿತ್ಯಾಭ್ಯಾಸಿಗಳಿಗೆ ಸಂಬಂಧಪಟ್ಟದ್ದು. ವೈದ್ಯರ ಗ್ರಂಥಗಳಲ್ಲಿ ರೋಗವು ಆರಂಭವಾಗುತ್ತದೆ, ಗುಣವಾಗುತ್ತದೆ, ಇಲ್ಲವೆ ಅಸಾಧ್ಯವೆಂದು ಬಿಡಲ್ಪಡುತ್ತದೆ. ಬಿಡಲ್ಪಟ್ಟವನ ಮುಂದಿನ ಮೂವತ್ತು ವರ್ಷಗಳು ಅಲ್ಲಿಲ್ಲ. ಅವು ಆತ್ಮಕಥೆಗಳಲ್ಲಿವೆ, ಪತ್ರಗಳಲ್ಲಿವೆ, ಒಂದು ಚತುಷ್ಟಯದ ದೀರ್ಘಸ್ವರದಲ್ಲಿವೆ. ಇಂತಹ ಪುಟಗಳನ್ನು ಗ್ರಂಥಕರ್ತನ ಸ್ವಭಾವದ ದೌರ್ಬಲ್ಯಕ್ಕೆ ಉದಾಹರಣೆಗಳೆಂದು ಮಾತ್ರ ಪಾಠಹೇಳುವುದು ನ್ಯಾಯವಲ್ಲ. ಶರೀರದೊಳಗೆ ನಡೆದುದನ್ನು ಹೊರಗಿನವರಾರೂ ಕೇಳಲಾರದ ಒಂದು ವಿಷಯದಲ್ಲಿ, ಕೇಳಿದವನ ಮಾತೇ ಮೊದಲನೆಯ ಪ್ರಮಾಣ. ಆ ಪ್ರಮಾಣವನ್ನು ವೈದ್ಯಶಾಸ್ತ್ರವು ತಡವಾಗಿಯಾದರೂ ಅಂಗೀಕರಿಸಿದೆ. ಸಾಹಿತ್ಯಚರಿತ್ರೆಯೂ ಅಂಗೀಕರಿಸುವುದು ಉಚಿತ.